ಮದೀನದ ಪೇಟೆ ಮತ್ತು ವ್ಯಾಪಾರಿಯ ನಾಲಿಗೆ

ಜುಮಾ ಖುತ್ಬಾದಲ್ಲಿ ವ್ಯಾಪಾರದ ಮಾತು ಬಂದಾಗಲೆಲ್ಲ ನಾವು ಹೆಚ್ಚಾಗಿ ಕೇಳುವುದು ತಕ್ಕಡಿಯ ವಿಷಯ. ಅಳತೆಯಲ್ಲಿ ಕಡಿಮೆ ಮಾಡುವವರಿಗೆ ಕುರ್‌ಆನ್ ಕೊಟ್ಟ ಎಚ್ಚರಿಕೆ, ಶುಐಬ್(ಅ)ರ ಜನಾಂಗಕ್ಕೆ ಒದಗಿದ ಗತಿ ನಮಗೆಲ್ಲ ಚೆನ್ನಾಗಿ ಗೊತ್ತು. ಈ ಪುಟಗಳಲ್ಲಿ ಪ್ರತಿ ತಿಂಗಳು ಬರುವ ಖುತ್ಬಾ ಸಾರಾಂಶಗಳಲ್ಲೂ ಅದೇ ಮುಖ್ಯ. ಆದರೆ ಹದೀಸ್ ಗ್ರಂಥಗಳ ಕ್ರಯವಿಕ್ರಯದ ಅಧ್ಯಾಯವನ್ನು ಬಿಡಿಸಿ ಕೂತರೆ ಅಲ್ಲಿ ತಕ್ಕಡಿಯಷ್ಟೇ ಜಾಗವನ್ನು ನಾಲಿಗೆಯೂ ಪಡೆದಿರುವುದು ಕಾಣುತ್ತದೆ. ಗಿರಾಕಿಯನ್ನು ಅವಸರಪಡಿಸುವುದು, ನೋಡಲು ಬಿಡದೆ ಕೊಳ್ಳಿಸುವುದು, ಇಲ್ಲದ ಪೈಪೋಟಿಯನ್ನು ತೋರಿಸುವುದು, ಆಣೆ ಹಾಕಿ ನಂಬಿಸುವುದು, ಸಿಹಿ ಮಾತಿನಿಂದ ಮರುಳು ಮಾಡುವುದು ಇವೆಲ್ಲ ಅಲ್ಲಿವೆ. ಪ್ರತಿಯೊಂದಕ್ಕೂ ಒಂದೊಂದು ಪ್ರತ್ಯೇಕ ಹೆಸರೂ ಇದೆ. ಆ ಹೆಸರುಗಳ ಇತಿಹಾಸವನ್ನು ಸ್ವಲ್ಪ ನೋಡೋಣ.

ಇಸ್ಲಾಮಿಗಿಂತ ಮುಂಚಿನ ಅರಬರ ಪೇಟೆಯಲ್ಲಿ ಕೆಲವು ಬಗೆಯ ವ್ಯಾಪಾರಗಳ ರಚನೆಯೇ ಗಿರಾಕಿಯನ್ನು ಕಟ್ಟಿಹಾಕುವಂತಿತ್ತು. ಬಟ್ಟೆಯನ್ನು ಕೈಯಿಂದ ಮುಟ್ಟಿದರೆ ಸಾಕು, ವ್ಯಾಪಾರ ಮುಗಿಯಿತು. ಬಿಡಿಸಿ ನೋಡುವಂತಿಲ್ಲ, ಹಗಲೋ ರಾತ್ರಿಯೋ ಕೇಳುವಂತಿಲ್ಲ. ಇದು ಮುಲಾಮಸ. ಒಬ್ಬ ತನ್ನ ಬಟ್ಟೆಯನ್ನು ಇನ್ನೊಬ್ಬನತ್ತ ಎಸೆದರೆ ಅದೇ ಒಪ್ಪಂದ. ಇದು ಮುನಾಬದ. ಕಲ್ಲು ಎಸೆದು, ಅದು ಯಾವ ವಸ್ತುವಿನ ಮೇಲೆ ಬೀಳುತ್ತದೋ ಅದನ್ನೇ ಕೊಳ್ಳಬೇಕೆಂಬ ಪದ್ಧತಿಯೂ ಇತ್ತು. ಈ ಮೂರರಲ್ಲೂ ತೂಕದ ಮೋಸವಿಲ್ಲ, ಸುಳ್ಳು ಮಾತೂ ಇರಬೇಕೆಂದಿಲ್ಲ. ಯೋಚಿಸಲು ಬೇಕಾದ ಗಳಿಗೆಯನ್ನು ಗಿರಾಕಿಯಿಂದ ಕಿತ್ತುಕೊಳ್ಳುವುದಷ್ಟೇ ಅಲ್ಲಿನ ಉಪಾಯ. ಪ್ರವಾದಿ(ಸ) ಈ ಮೂರನ್ನೂ ನಿಷೇಧಿಸಿದರು.

ಕಿತ್ತುಕೊಂಡ ಗಳಿಗೆಯನ್ನು ವಾಪಸು ಕೊಡುವ ನಿಯಮವೂ ಜೊತೆಗೇ ಬಂತು. ಕೊಳ್ಳುವವನು ಮತ್ತು ಮಾರುವವನು ಪರಸ್ಪರ ಬೇರ್ಪಡುವ ತನಕ ಇಬ್ಬರಿಗೂ ಮನಸ್ಸು ಬದಲಾಯಿಸುವ ಹಕ್ಕಿದೆ ಎಂಬ ಹದೀಸ್ ಪ್ರಸಿದ್ಧ. ಆಯ್ಕೆಯ ಈ ಹಕ್ಕಿಗೆ ಖಿಯಾರ್ ಎನ್ನುತ್ತಾರೆ. ಅದರ ವರದಿಗಾರ ಇಬ್ನು ಉಮರ್(ರ) ತಮಗೆ ಇಷ್ಟವಾದ ವಸ್ತುವೊಂದನ್ನು ಕೊಂಡರೆ, ವ್ಯಾಪಾರ ಗಟ್ಟಿಯಾಗಲಿ ಎಂದು ಎದ್ದು ನಾಲ್ಕು ಹೆಜ್ಜೆ ನಡೆದು ಬರುತ್ತಿದ್ದರಂತೆ. ಬೇರ್ಪಡುವುದೆಂದರೆ ದೇಹದಿಂದ ಬೇರ್ಪಡುವುದು ಎಂದು ಶಾಫಿಈ ಮತ್ತು ಹಂಬಲಿ ವಿದ್ವಾಂಸರು ಹೇಳಿದರೆ, ಮಾತು ಮುಗಿದಾಗಲೇ ಬೇರ್ಪಟ್ಟಂತೆ ಎಂದು ಹನಫಿ ಮತ್ತು ಮಾಲಿಕಿ ವಿದ್ವಾಂಸರು ಹೇಳಿದರು. ಹಾಗಾಗಿ ಭಟ್ಕಳದ ಅಂಗಡಿಯಲ್ಲಿ ಶಾಫಿಈ ಗಿರಾಕಿಗೆ ಸಿಗುವ ಅವಕಾಶ ಕಲಬುರಗಿಯ ಹನಫಿ ಗಿರಾಕಿಗೆ ಗ್ರಂಥದ ಪ್ರಕಾರ ಸಿಗದು! ಆದರೆ ವಸ್ತುವನ್ನು ನೋಡದೆ ಕೊಂಡವನಿಗೆ, ನೋಡಿದ ಮೇಲೆ ಬಿಡುವ ಹಕ್ಕನ್ನು ಹನಫಿಗಳು ವಿಶಾಲವಾಗಿಯೇ ಕೊಟ್ಟಿದ್ದಾರೆ.

ಎಲ್ಲಕ್ಕಿಂತ ಸ್ವಾರಸ್ಯವಾದ ಪದ ನಜಶ್. ಕೊಳ್ಳುವ ಮನಸ್ಸಿಲ್ಲದೆ, ಇನ್ನೊಬ್ಬನನ್ನು ಸಿಕ್ಕಿಸಲು ಬೆಲೆ ಏರಿಸಿ ಕೂಗುವುದು ನಜಶ್. ಈ ಪದ ಬಂದದ್ದು ಬೇಟೆಯಿಂದ. ಪೊದೆಯಲ್ಲಿ ಅಡಗಿರುವ ಪ್ರಾಣಿಯನ್ನು ಎಬ್ಬಿಸಿ ಬೇಟೆಗಾರನ ಕಡೆಗೆ ಅಟ್ಟುವುದು ಅದರ ಮೂಲ ಅರ್ಥ. ಬೇಟೆಯ ಮಾತಿನಲ್ಲಿ ನಾವು 'ಸೋವುವುದು' ಎನ್ನುತ್ತೇವಲ್ಲ, ಅದೇ. ಸೋವುವವನ ಕೈಯಲ್ಲಿ ಕೋವಿ ಇರುವುದಿಲ್ಲ, ಅವನು ಯಾರನ್ನೂ ಕೊಲ್ಲುವುದಿಲ್ಲ. ಗದ್ದಲ ಎಬ್ಬಿಸುತ್ತಾನೆ ಅಷ್ಟೆ. ಬೆದರಿದ ಪ್ರಾಣಿ ತಾನಾಗಿಯೇ ಓಡಿ ಕೋವಿಯ ಎದುರು ಬೀಳುತ್ತದೆ. ಅವಸರದ ವ್ಯಾಪಾರಕ್ಕೆ ಇದಕ್ಕಿಂತ ನಿಖರವಾದ ಹೆಸರನ್ನು ನಾವು ಬೇರೆ ಭಾಷೆಯಲ್ಲಿ ಕಂಡಿಲ್ಲ. 'ಎರಡೇ ಸೈಟು ಉಳಿದಿವೆ, ನಿನ್ನೆ ಒಬ್ಬರು ನೋಡಿ ಹೋಗಿದ್ದಾರೆ, ಸಂಜೆ ಅಡ್ವಾನ್ಸ್ ತರುತ್ತಾರೆ' ಎನ್ನುವ ಬ್ರೋಕರ್ ಮಾಡುವುದೂ ಸೋವುವ ಕೆಲಸವೇ.

ಇಬ್ನು ಅಬೀ ಔಫಾ(ರ) ಎಂಬ ಸಹಾಬಿ ಒಂದು ಘಟನೆಯನ್ನು ವರದಿ ಮಾಡಿದ್ದಾರೆ. ಬುಖಾರಿಯಲ್ಲಿ ಅದು ದಾಖಲಾಗಿದೆ. ಒಬ್ಬ ಮನುಷ್ಯ ಪೇಟೆಯಲ್ಲಿ ತನ್ನ ಸರಕನ್ನು ಇಟ್ಟುಕೊಂಡು ನಿಂತಿದ್ದ. ಇದಕ್ಕೆ ಇಂತಿಷ್ಟು ಬೆಲೆಗೆ ಬೇಡಿಕೆ ಬಂದಿದೆ ಎಂದು ಅಲ್ಲಾಹನ ಮೇಲೆ ಆಣೆ ಹಾಕಿದ. ಬೇಡಿಕೆ ಬಂದಿರಲಿಲ್ಲ. ಇನ್ನೊಬ್ಬ ಮುಸ್ಲಿಮನನ್ನು ಸಿಕ್ಕಿಸಲೆಂದೇ ಹಾಗೆ ಹೇಳಿದ್ದು. ಅಲ್ಲಾಹನೊಂದಿಗಿನ ಕರಾರನ್ನೂ ತಮ್ಮ ಆಣೆಗಳನ್ನೂ ಅಲ್ಪ ಬೆಲೆಗೆ ಮಾರುವವರ ಕುರಿತ, ಆಲು ಇಮ್ರಾನ್ ಅಧ್ಯಾಯದ 77ನೆಯ ಸೂಕ್ತ ಅವತೀರ್ಣವಾದದ್ದು ಈ ಸಂದರ್ಭದಲ್ಲಿ ಎಂದು ಅವರು ಹೇಳುತ್ತಾರೆ. ನಜಶ್ ಮಾಡುವವನನ್ನು ಬಡ್ಡಿ ತಿನ್ನುವವನ ಸಾಲಿಗೆ ಸೇರಿಸಿದವರೂ ಅವರೇ. ಬಡ್ಡಿಯ ವಿಷಯದಲ್ಲಿ ನಾವು ಎಷ್ಟು ಸೂಕ್ಷ್ಮ! ಬ್ಯಾಂಕಿನ ಬಡ್ಡಿ ಹಣ ಕೈಗೆ ತಾಗಬಾರದೆಂದು ಮಸ್‌ಅಲ ಕೇಳುತ್ತೇವೆ. ನಜಶ್ ಬಗ್ಗೆ ಮಸ್‌ಅಲ ಕೇಳಿ ನಮ್ಮ ಪ್ರಶ್ನೋತ್ತರ ಅಂಕಣಕ್ಕೆ ಪತ್ರ ಬರುವುದು ಅಪರೂಪ.

ಈ ಪದ ನಮ್ಮ ಕಡಲತೀರಕ್ಕೂ ಬಂದಿದೆ. ಹದಿನಾರನೆಯ ಶತಮಾನದಲ್ಲಿ ಮಲಬಾರಿನ ಪೊನ್ನಾನಿಯ ಝೈನುದ್ದೀನ್ ಮಖ್ದೂಮ್(ರ) ಬರೆದ 'ಫತ್‌ಹುಲ್ ಮುಈನ್' ಕರಾವಳಿಯ ದರ್ಸ್‌ಗಳಲ್ಲಿ ಇಂದಿಗೂ ಪಠ್ಯ. ನಜಶ್ ಹರಾಮ್ ಎಂದ ಬಳಿಕ ಅವರು ಇನ್ನೊಂದು ಮಾತನ್ನು ಸೇರಿಸುತ್ತಾರೆ: ಗಿರಾಕಿಗೆ ಆಸೆ ಹುಟ್ಟಿಸಲು ಸರಕನ್ನು ಸುಳ್ಳಾಗಿ ಹೊಗಳುವುದೂ ನಜಶ್‌ನಂತೆಯೇ. ಕರಿಮೆಣಸಿಗಾಗಿ ಅರಬರೂ ಪೋರ್ಚುಗೀಸರೂ ಸೆಣಸುತ್ತಿದ್ದ ಕರಾವಳಿಯಲ್ಲಿ ಕೂತು ಬರೆದ ಮಾತು ಇದು. ಆದರೆ ಸಿಕ್ಕಿಬಿದ್ದ ಗಿರಾಕಿಗೆ ವ್ಯಾಪಾರ ರದ್ದು ಮಾಡುವ ಹಕ್ಕುಂಟೇ? ಇಲ್ಲ ಎನ್ನುತ್ತದೆ ಅದೇ ಗ್ರಂಥ. ವಿಚಾರಿಸದೆ ಕೊಂಡದ್ದು ಅವನದೇ ಉದಾಸೀನ. ಪಾಪ ಕೂಗಿದವನದು, ನಷ್ಟ ಕೊಂಡವನದು. ಹಂಬಲಿ ಮದ್ಸ್‌ಹಬ್ ಇದನ್ನು ಒಪ್ಪುವುದಿಲ್ಲ. ರೂಢಿಗಿಂತ ಹೆಚ್ಚು ನಷ್ಟವಾಗಿದ್ದರೆ ಅವನು ವ್ಯಾಪಾರವನ್ನು ಮುರಿಯಬಹುದು ಎನ್ನುತ್ತದೆ. ನಾವು ಯಾವ ಮದ್ಸ್‌ಹಬನ್ನು ಅನುಸರಿಸಿದರೂ, ಈ ಭಿನ್ನಾಭಿಪ್ರಾಯದ ಹಿಂದಿರುವ ಪ್ರಶ್ನೆಯನ್ನು ಗಮನಿಸಬೇಕು. ಕೊಂಡವನ ಒಪ್ಪಿಗೆ ನಿಜವಾದ ಒಪ್ಪಿಗೆಯೋ, ಅಲ್ಲವೋ?

ಹಳ್ಳಿಯಿಂದ ಸರಕು ತರುವ ಸಾರ್ಥವಾಹರನ್ನು ಊರ ಹೊರಗೇ ಎದುರುಗೊಂಡು, ಪೇಟೆಯ ಧಾರಣೆ ತಿಳಿಯುವ ಮೊದಲೇ ಕೊಂಡುಬಿಡುವುದಕ್ಕೂ ಹೆಸರಿತ್ತು. ಹಾಲು ಕರೆಯದೆ ಬಿಟ್ಟು, ಕೆಚ್ಚಲು ತುಂಬಿದಂತೆ ತೋರಿಸಿ ಮಾರುವುದಕ್ಕೆ ತಸ್ರಿಯ ಎಂಬ ಹೆಸರಿತ್ತು. ಇವುಗಳ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಮೊದಲನೆಯದರಲ್ಲಿ ಮಾರಿದವನು ಪೇಟೆಗೆ ಬಂದ ಮೇಲೆ ವ್ಯಾಪಾರ ಮುರಿಯಬಹುದು, ಎರಡನೆಯದರಲ್ಲಿ ಕೊಂಡವನಿಗೆ ಮೂರು ದಿನದ ಅವಕಾಶವಿದೆ ಎಂದು ಹದೀಸ್‌ನಲ್ಲಿದೆ ಎಂಬಷ್ಟನ್ನು ನೆನಪಿಟ್ಟುಕೊಂಡರೆ ಸಾಕು.

ಇನ್ನು ಖಿಲಾಬ. ಹಬ್ಬಾನ್ ಇಬ್ನು ಮುನ್ಕಿದ್(ರ) ಎಂಬ ಅನ್ಸಾರಿ ಸಹಾಬಿ ಇದ್ದರು. ಕೆಲವು ವರದಿಗಳು ಈ ಘಟನೆಯನ್ನು ಅವರ ತಂದೆ ಮುನ್ಕಿದ್ ಇಬ್ನು ಅಮ್ರ್(ರ)ರ ಹೆಸರಿನಲ್ಲಿ ಹೇಳುತ್ತವೆ. ತಲೆಗೆ ಬಿದ್ದ ಏಟಿನಿಂದ ಅವರ ಮಾತು ತೊದಲುತ್ತಿತ್ತು, ವ್ಯವಹಾರ ಬುದ್ಧಿಯೂ ಕುಂದಿತ್ತು. ಪೇಟೆಗೆ ಹೋದರೆ ಮೋಸಹೋಗಿ ಬರುವರು. ಹೋಗಬೇಡಿ ಎಂದರೆ ಕೇಳುವವರಲ್ಲ. ಕೊಳ್ಳುವಾಗಲೆಲ್ಲ 'ಖಿಲಾಬ ಇರಕೂಡದು' ಎಂಬರ್ಥದ ಮಾತನ್ನು ಹೇಳುವಂತೆ ಪ್ರವಾದಿ(ಸ) ಅವರಿಗೆ ಕಲಿಸಿದರು. ಅವರ ತೊದಲು ನಾಲಿಗೆಗೆ 'ಖಿಲಾಬ' ಎಂಬ ಪದವೂ ಸರಿಯಾಗಿ ಹೊರಳುತ್ತಿರಲಿಲ್ಲ ಎಂದು ವರದಿಯಲ್ಲಿದೆ. ನಾಲಿಗೆಯ ಚಾಲಾಕಿನಿಂದ ಗೆಲ್ಲುವವರ ಎದುರು, ನಾಲಿಗೆ ಹೊರಳದವನಿಗೆ ಒಂದು ಮಾತಿನ ಗುರಾಣಿ!

ಖಿಲಾಬ ಎಂದರೆ ಬರೀ ಮೋಸವಲ್ಲ, ಮೃದು ಮಾತಿನಿಂದ ಮನಸ್ಸನ್ನು ಸೆರೆಹಿಡಿದು ಮಾಡುವ ಮೋಸ. ಹದ್ದಿನ ಉಗುರಿಗೆ ಅರಬಿಯಲ್ಲಿ ಮಿಖ್ಲಬ್ ಎನ್ನುತ್ತಾರೆ. ಎರಡೂ ಒಂದೇ ಧಾತುವಿನ ಪದಗಳು. ಆ ಧಾತುವಿನ ಇಂದಿನ ಪಾಡನ್ನೂ ನೋಡಬೇಕು. ಈಗಿನ ಅರಬಿಯಲ್ಲಿ 'ಖಲ್ಲಾಬ್' ಎಂದರೆ ಮನಮೋಹಕ, ಕಣ್ಸೆಳೆಯುವ ಎಂದರ್ಥ. ಸುಂದರ ದೃಶ್ಯವನ್ನು ಹೊಗಳಲು ಬಳಸುವ ಪದ. ಒಂದು ಕಾಲದಲ್ಲಿ ವಂಚನೆಯ ಆರೋಪವನ್ನು ಹೊತ್ತಿದ್ದ ಧಾತು ಈಗ ಮೆಚ್ಚುಗೆಯ ಮಾತನ್ನು ಹೆತ್ತಿದೆ.

ಪದಗಳು ಹೀಗೆ ಪಕ್ಷ ಬದಲಿಸುವುದು ಹೊಸದಲ್ಲ. ಮದೀನದ ವ್ಯಾಪಾರಿಗಳನ್ನು ಮೊದಲು ಸಿಮ್ಸಾರ್‌ಗಳು, ಅಂದರೆ ಮಧ್ಯವರ್ತಿಗಳು, ಎಂದು ಕರೆಯುತ್ತಿದ್ದರು. ಪ್ರವಾದಿ(ಸ) ಅವರನ್ನು ತಾಜಿರ್‌ಗಳೇ, ಅಂದರೆ ವರ್ತಕರೇ, ಎಂದು ಕರೆದರು. ಅದು ನಮಗೆ ಮೊದಲಿನದಕ್ಕಿಂತ ಒಳ್ಳೆಯ ಹೆಸರಾಗಿತ್ತು ಎಂದು ಕೈಸ್ ಇಬ್ನು ಅಬೀ ಗರಝ(ರ) ನೆನೆಯುತ್ತಾರೆ. ಒಳ್ಳೆಯ ಹೆಸರಿನ ಬೆನ್ನಿಗೇ ಎಚ್ಚರಿಕೆಯೂ ಬಂತು. ವ್ಯಾಪಾರದಲ್ಲಿ ಪೊಳ್ಳು ಮಾತು ಮತ್ತು ಆಣೆ ಬೆರೆತುಹೋಗುತ್ತವೆ, ಆದ್ದರಿಂದ ಅದಕ್ಕೆ ದಾನವನ್ನು ಬೆರೆಸಿರಿ ಎಂದು ಅವರು ಹೇಳಿದರು.

ಅರಬಿಯಲ್ಲಿ ಮಧ್ಯವರ್ತಿಗೆ ಇನ್ನೊಂದು ಪದ ದಲ್ಲಾಲ್. ದಾರಿ ತೋರಿಸುವವನು ಎಂಬುದು ಮೂಲ ಅರ್ಥ. ಪುರಾವೆ ಎಂಬರ್ಥದ ದಲೀಲ್ ಕೂಡ ಅದೇ ಬೇರಿನದು. ಆ ದಲ್ಲಾಲ್ ಕನ್ನಡಕ್ಕೆ ಬಂದು ದಲ್ಲಾಳಿಯಾದ. ಅವನ ಜೊತೆಗೆ ಹರಾಜು ಬಂತು, ಹರಾಜಿನಲ್ಲಿ ಕೂಗುವ ಸವಾಲು ಬಂತು, ನಗದು, ಬಾಕಿ, ವಸೂಲಿ, ಕರಾರು, ಜಾಮೀನು ಬಂದವು. ಕೆಲವು ನೇರವಾಗಿ, ಕೆಲವು ಪಾರ್ಸಿ ಉರ್ದುಗಳ ದಾರಿಯಲ್ಲಿ. ಪೇಟೆಯಲ್ಲಿ ನಿತ್ಯ ಬಳಸುವ ಎಷ್ಟೋ ಪದಗಳು ಹೀಗೆ ಬಂದವು, ಆದರೆ ನಜಶ್ ಬರಲಿಲ್ಲ, ಖಿಲಾಬ ಬರಲಿಲ್ಲ, ಗಿರಾಕಿಯ ಖಿಯಾರ್ ಬರಲಿಲ್ಲ. ವ್ಯಾಪಾರ ನಡೆಸುವ ಪದಗಳು ಊರಿಗೆ ಬಂದವು, ಕೊಳ್ಳುವವನನ್ನು ಕಾಯುವ ಪದಗಳು ಕಿತಾಬಿನೊಳಗೇ ಉಳಿದವು.

ಕನ್ನಡದಲ್ಲಿ ಇದಕ್ಕೆ ಮಾತಿಲ್ಲವೆಂದಲ್ಲ. ಟೋಪಿ ಹಾಕುವುದು, ನಾಮ ಹಾಕುವುದು, ಮಂಕುಬೂದಿ ಎರಚುವುದು, ಬಣ್ಣದ ಮಾತು, ಬೆಣ್ಣೆ ಹಚ್ಚುವುದು, ಎಲ್ಲ ಸೊಗಸಾದ ಮಾತುಗಳೇ. ಆದರೆ ಇವುಗಳಲ್ಲಿ ಹೆಚ್ಚಿನವು ಕೆಲಸ ಕೆಟ್ಟ ಮೇಲೆ ಹೇಳುವಂಥವು. 'ಅವನಿಗೆ ಟೋಪಿ ಬಿತ್ತು' ಎನ್ನುವಾಗ ನಗು ಬರುವುದು ಟೋಪಿ ಹಾಕಿಸಿಕೊಂಡವನ ಮೇಲೆ. 'ನಜಶ್ ನಡೆಯಿತು' ಎನ್ನುವಾಗ ಬೆರಳು ತಿರುಗುವುದು ಕೂಗಿದವನ ಕಡೆಗೆ. ಮೋಸಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿರುವುದಕ್ಕೆ ನಮ್ಮ ಮಾತಿನ ಈ ಗುಣವೂ ಒಂದು ಕಾರಣವಿರಬಹುದು.

ಸುಳ್ಳೇ ಇಲ್ಲದ ಒತ್ತಾಯವನ್ನೂ ಹಿಂದಿನವರು ಗುರುತಿಸಿದ್ದರು. ಬಸರಾದ ಯೂನುಸ್ ಇಬ್ನು ಉಬೈದ್(ರ) ರೇಷ್ಮೆ ಬಟ್ಟೆಯ ವ್ಯಾಪಾರಿ. ಇಮಾಮ್ ಗಝಾಲಿ(ರ) 'ಇಹ್ಯಾ'ದಲ್ಲಿ ಅವರ ಕಥೆ ಹೇಳುತ್ತಾರೆ. ಗಿರಾಕಿಯೊಬ್ಬ ಬಟ್ಟೆ ಕೇಳಿದಾಗ ಅಂಗಡಿಯ ಹುಡುಗ ಗಂಟು ಬಿಚ್ಚಿ, ಬಟ್ಟೆಯನ್ನು ಹರಡಿ, ಅದನ್ನು ನೋಡುತ್ತ, 'ಅಲ್ಲಾಹನೇ, ನಮಗೆ ಸ್ವರ್ಗ ಕರುಣಿಸು' ಎಂಬಂಥ ಪ್ರಾರ್ಥನೆ ಮಾಡಿದ. ಯೂನುಸ್ ಬಟ್ಟೆಯನ್ನು ಮಡಚಿ ಒಳಗಿಡಿಸಿದರು, ಮಾರಲಿಲ್ಲ. ಆ ದುಆದಲ್ಲಿ ಸರಕಿನ ಪರೋಕ್ಷ ಹೊಗಳಿಕೆ ಸೇರಿಕೊಂಡಿತೇನೋ ಎಂಬ ಭಯ ಅವರಿಗೆ. ಇನ್ನೊಮ್ಮೆ ಅವರು ನಮಾಝಿಗೆ ಹೋಗಿದ್ದಾಗ ಅಂಗಡಿಯಲ್ಲಿದ್ದ ಸಹೋದರನ ಮಗ, 200 ದಿರ್‌ಹಮಿನ ಉಡುಪನ್ನು ಒಬ್ಬ ಗ್ರಾಮೀಣ ಅರಬನಿಗೆ 400ಕ್ಕೆ ಮಾರಿದ. ದಾರಿಯಲ್ಲಿ ಎದುರಾದ ಆ ಗಿರಾಕಿಯನ್ನು ಯೂನುಸ್ ತಾವೇ ನಿಲ್ಲಿಸಿ ವಿಚಾರಿಸಿದರು. ನಮ್ಮೂರಲ್ಲಿ ಇದಕ್ಕೆ 500 ಇದೆ, ನಾನು ಸಂತೋಷದಿಂದಲೇ ಕೊಂಡೆ ಎಂದು ಅವನು ಹೇಳಿದರೂ ಕೇಳದೆ, ಅಂಗಡಿಗೆ ಕರೆತಂದು 200 ದಿರ್‌ಹಮ್ ಹಿಂತಿರುಗಿಸಿದರು. ಗಿರಾಕಿ ಮನಸಾರೆ ಒಪ್ಪಿದ್ದಾನಲ್ಲ ಎಂಬ ಸಮಜಾಯಿಷಿ ಅವರ ಬಳಿ ನಡೆಯಲಿಲ್ಲ. ಇಂದು ಸೀರೆ ಅಂಗಡಿಯಲ್ಲಿ ಐವತ್ತು ಸೀರೆ ಬಿಚ್ಚಿ ಹರಡಿ, ಚಹಾ ತರಿಸಿ, ಬರಿಗೈಲಿ ಎದ್ದು ಹೋಗಲು ಸಂಕೋಚವಾಗುವಂತೆ ಮಾಡುವ ಸೌಜನ್ಯವನ್ನು ಯೂನುಸ್ ಏನೆಂದು ಕರೆಯುತ್ತಿದ್ದರೋ!

ಎಲ್ಲರೂ ಯೂನುಸ್ ಆಗುವುದಿಲ್ಲವೆಂದು ಗೊತ್ತಿದ್ದರಿಂದಲೇ ಪೇಟೆಗೆ ಮುಹ್ತಸಿಬ್ ಎಂಬ ಅಧಿಕಾರಿಯನ್ನು ನೇಮಿಸುತ್ತಿದ್ದರು. ಹನ್ನೆರಡನೆಯ ಶತಮಾನದ ಸಿರಿಯಾದಲ್ಲಿ ಶೈಝರಿ ಎಂಬವರು ಈ ಅಧಿಕಾರಿಗಳಿಗಾಗಿ ಬರೆದ ಕೈಪಿಡಿಯಲ್ಲಿ ದಲ್ಲಾಳಿಗಳಿಗೂ ಹರಾಜು ಕೂಗುವವರಿಗೂ ಪ್ರತ್ಯೇಕ ಅಧ್ಯಾಯವಿದೆ. ದಲ್ಲಾಳಿ ತಾನಾಗಿ ಬೆಲೆ ಏರಿಸಬಾರದು, ಬಟ್ಟೆ ವರ್ತಕನ ಜೊತೆ ಒಳಪಾಲುದಾರನಾಗಬಾರದು, ಮಾರಲು ಕೊಟ್ಟ ಸರಕನ್ನು ಬೇರೆಯವರ ಹೆಸರಲ್ಲಿ ತಾನೇ ಕೊಳ್ಳಬಾರದು. ನೇಕಾರರಿಗೆ ಸಾಲ ಕೊಟ್ಟು, ಬಟ್ಟೆಯನ್ನು ತನ್ನ ಮೂಲಕವೇ ಮಾರಬೇಕೆಂದು ಕಟ್ಟಿಹಾಕುವುದೂ ನಿಷಿದ್ಧ, ಏಕೆಂದರೆ ಅದು ಲಾಭ ಎಳೆಯುವ ಸಾಲ. ಅಡಿಕೆ ಬೆಳೆಗಾರರಿಗೂ ಮೀನುಗಾರರಿಗೂ ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಷ್ಟ ಎಷ್ಟಾದರೆ ವಂಚನೆ ಎಂಬ ಪ್ರಶ್ನೆಗೆ ಅಂಕಿಯ ಉತ್ತರ ಕೊಟ್ಟದ್ದು ಉಸ್ಮಾನಿಯಾ ಸಾಮ್ರಾಜ್ಯ. ಅಲ್ಲಿ 1869ರಿಂದ 1876ರ ತನಕ ಹನಫಿ ಫಿಕ್‌ಹನ್ನು ಕಾನೂನು ಸಂಹಿತೆಯ ರೂಪಕ್ಕೆ ತಂದ 'ಮಜಲ್ಲ', ಸಾಮಾನ್ಯ ಸರಕಿನಲ್ಲಿ ಇಪ್ಪತ್ತರಲ್ಲಿ ಒಂದು ಪಾಲು, ಜಾನುವಾರಿನಲ್ಲಿ ಹತ್ತರಲ್ಲಿ ಒಂದು, ಸ್ಥಿರಾಸ್ತಿಯಲ್ಲಿ ಐದರಲ್ಲಿ ಒಂದು ಪಾಲು ನಷ್ಟವನ್ನು ಘೋರ ನಷ್ಟವೆಂದು ಗೊತ್ತುಮಾಡಿತು. ಅದರ ಜೊತೆಗೆ ಮೋಸದ ಮಾತೂ ಸೇರಿದ್ದರೆ ವ್ಯಾಪಾರ ರದ್ದುಮಾಡಬಹುದು. ಮೋಸವಿಲ್ಲದೆ ಬರೀ ನಷ್ಟವಾದರೆ ರದ್ದಿಲ್ಲ. ಆದರೆ ಅನಾಥರ ಆಸ್ತಿ, ವಕ್ಫ್ ಮತ್ತು ಬೈತುಲ್ ಮಾಲ್‌ಗೆ ವಿನಾಯಿತಿ ಇತ್ತು. ಅವುಗಳನ್ನು ಅಂಥ ನಷ್ಟಕ್ಕೆ ಮಾರಿದ್ದರೆ, ಯಾರೂ ಮೋಸ ಮಾಡದಿದ್ದರೂ, ಆ ಮಾರಾಟ ಸಿಂಧುವಲ್ಲ. ನಮ್ಮ ವಕ್ಫ್ ಸಮಿತಿಗಳವರು ಈ ವಿನಾಯಿತಿಯನ್ನು ಎರಡು ಸಲ ಓದಬೇಕು.

ಮಜಲ್ಲ ಮುಗಿದು ಹೆಚ್ಚು ವರ್ಷವಾಗಿರಲಿಲ್ಲ, ಅಮೆರಿಕದಲ್ಲಿ ಇನ್ನೊಂದು ಬಗೆಯ ಕೈಪಿಡಿ ಹುಟ್ಟಿತು. ಡೇಟನ್ ನಗರದ ನ್ಯಾಷನಲ್ ಕ್ಯಾಷ್ ರಿಜಿಸ್ಟರ್ ಕಂಪನಿ 1887ರಲ್ಲಿ ತನ್ನ ಮಾರಾಟಗಾರರಿಗೆ ಒಂದು ಬಾಯಿಪಾಠದ ಪುಸ್ತಿಕೆಯನ್ನು ಕೊಟ್ಟಿತು. ಅಂಗಡಿಯವನ ಮುಂದೆ ಯಾವ ಮಾತು ಮೊದಲು, ಯಾವುದು ನಂತರ, ಅವನು ಬೇಡವೆಂದರೆ ಏನು ಹೇಳಬೇಕು ಎಂಬುದೆಲ್ಲ ಅದರಲ್ಲಿತ್ತು. ಅಂಥ ಕೈಪಿಡಿಗಳ ಲೋಕದಲ್ಲಿ ಗಿರಾಕಿಯ ಹೆಸರು ಪ್ರಾಸ್ಪೆಕ್ಟ್. ಚಿನ್ನ ಹುಡುಕುವವರು ಅದಿರು ಸಿಗಬಹುದಾದ ನೆಲಕ್ಕೆ ಬಳಸುವ ಪದವೂ ಅದೇ. ವ್ಯಾಪಾರ ಕುದುರಿಸುವುದಕ್ಕೆ ಕ್ಲೋಸಿಂಗ್, ಅಂದರೆ ಮುಚ್ಚುವುದು. ಒತ್ತಾಯದ ಮಾರಾಟಕ್ಕೆ ಹೈ ಪ್ರೆಷರ್, ಉಗಿಯಂತ್ರದಿಂದ ಎತ್ತಿಕೊಂಡ ಮಾತು. ನಜಶ್ ಎಂದವರು ಬೇಟೆಯನ್ನು ಪ್ರಾಣಿಯ ಕಡೆಯಿಂದ ನೋಡಿದ್ದರು. ಇವರು ನೋಡಿದ್ದು ಬೇಟೆಗಾರನ ಕಡೆಯಿಂದ. ಇಂದು ನಮ್ಮ ಯುವಕರು ಸೇಲ್ಸ್ ಕೆಲಸಕ್ಕೆ ಸೇರಿದರೆ ಮೊದಲ ವಾರ ಕಲಿಯುವುದು ಈ ಪದಗಳನ್ನೇ. ಟಾರ್ಗೆಟ್, ಲೀಡ್, ಕನ್ವರ್ಷನ್. ಕನ್ವರ್ಷನ್ ಎಂದರೆ ಮತಾಂತರ ಎಂದೂ ಅರ್ಥವಿದೆ ಎಂಬುದು ಯಾರಿಗೂ ವಿಚಿತ್ರವೆನಿಸುವುದಿಲ್ಲ.

ಆ ಕಂಪನಿಗಳ ನಾಡಿನಲ್ಲೇ ಕೊನೆಗೆ ತಡೆಯೂ ಬಂತು. ಮನೆ ಬಾಗಿಲಿಗೆ ಬಂದು ಒತ್ತಾಯಿಸಿ ಮಾರಿದ ವಸ್ತುವನ್ನು ಕೆಲಸದ ಮೂರು ದಿನಗಳೊಳಗೆ ಹಿಂತಿರುಗಿಸಬಹುದೆಂಬ ನಿಯಮವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1972ರಲ್ಲಿ ರೂಪಿಸಿತು. ಮೂರು ದಿನ ಎಂದ ಕೂಡಲೇ, ನಮ್ಮಿಂದ ಕದ್ದರು ಎಂದು ಎದೆಯುಬ್ಬಿಸುವುದು ಬೇಡ. ಸುಡುವ ಕಾವು ಆರಲು ಎಷ್ಟು ಸಮಯ ಬೇಕೆಂಬುದು ಎಲ್ಲ ಊರಿನ ಅನುಭವಸ್ಥರಿಗೂ ಹೊಳೆಯುವ ವಿಷಯ. ನಮ್ಮ ದೇಶದಲ್ಲಿ ವಿಮಾ ಪಾಲಿಸಿಗೆ ಫ್ರೀ ಲುಕ್ ಎಂಬ ಅವಧಿ ಇದೆ. 2024ರಲ್ಲಿ ಅದನ್ನು 30 ದಿನಕ್ಕೆ ಏರಿಸಲಾಯಿತು. 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ವ್ಯಾಪಾರದ 13 ಕುಟಿಲ ತಂತ್ರಗಳನ್ನು ಹೆಸರಿಸಿ ನಿಷೇಧಿಸಿತು. ಡಾರ್ಕ್ ಪ್ಯಾಟರ್ನ್ ಎಂಬುದು ಅವುಗಳ ಸಾಮಾನ್ಯ ನಾಮ. ಪಟ್ಟಿಯ ಮೊದಲನೆಯದು ಸುಳ್ಳು ಅವಸರ. ಬೇಡ ಎನ್ನುವವನನ್ನು ನಾಚಿಸುವುದು, ಗೊತ್ತಾಗದಂತೆ ಬುಟ್ಟಿಗೆ ವಸ್ತು ಸೇರಿಸುವುದು, ಬೆಲೆಯನ್ನು ತೊಟ್ಟುತೊಟ್ಟಾಗಿ ಬಿಚ್ಚುವುದು ಕೂಡ ಅದರಲ್ಲಿವೆ. ಕಿತಾಬುಲ್ ಬುಯೂಅ್ ಓದಿದವರಿಗೆ ಈ ಪಟ್ಟಿ ಅಪರಿಚಿತ ಎನಿಸದು.

ಹೆಸರಿಸಲು ಯಾವ ಪ್ರಾಧಿಕಾರಕ್ಕೂ ಸಾಧ್ಯವಾಗದ ಒಂದು ತಂತ್ರ ನಮ್ಮ ನಡುವೆಯೇ ಇದೆ. ಬೆಂಗಳೂರಿನಲ್ಲಿ ಹಲಾಲ್ ಲಾಭದ ಹೆಸರಿನಲ್ಲಿ ಹಣ ಸಂಗ್ರಹಿಸಿದ ಸಂಸ್ಥೆಯೊಂದು 2019ರಲ್ಲಿ ಕುಸಿದು, ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ಮುಳುಗಿತು. ಮಗಳ ಮದುವೆಗೆಂದು ಎತ್ತಿಟ್ಟದ್ದು, ಗಲ್ಫಿನ ದುಡಿಮೆಯಲ್ಲಿ ಉಳಿದದ್ದು, ಹಜ್ಜಿಗೆ ಕೂಡಿಟ್ಟದ್ದು ಇಂಥ ಯೋಜನೆಗಳಿಗೆ ಹೋಗುವುದು ಅಂಕಿಅಂಶ ನೋಡಿ ಅಲ್ಲ. ಹಲಾಲ್, ಬರಕತ್, ಅಮಾನತ್ ಎಂಬ ಪದಗಳನ್ನು ಕೇಳಿ. ಪೇಟೆಯಲ್ಲಿ ನಿಂತು ಅಲ್ಲಾಹನ ಹೆಸರಲ್ಲಿ ಆಣೆ ಹಾಕಿದ ಆ ಮನುಷ್ಯನ ಕೆಲಸವನ್ನು ಈಗ ಇಡೀ ಪದಗಳೇ ಮಾಡುತ್ತವೆ. ಇಂಥ ಜಾಹೀರಾತಿಗೆ ಯಾರಾದರೂ ಗಣ್ಯರು ಮುಖ ಕೊಟ್ಟರೆ, ಅದನ್ನು ನಜಶ್ ಎಂದು ಕರೆಯಲು ನಮ್ಮ ಉಲಮಾಗಳಿಗೆ ಸಂಕೋಚವೇಕೆ? ತಾನು ಕೊಳ್ಳುವವನಲ್ಲ, ಇನ್ನೊಬ್ಬ ಕೊಳ್ಳಲೆಂದು ಕೂಗುತ್ತಾನೆ. ಲಕ್ಷಣವೆಲ್ಲ ಹೊಂದುತ್ತದೆ. ಮುಳುಗಿದ ಮೇಲೆ, ದುರಾಸೆಯಿಂದ ಹಾಕಿದರು, ಅನುಭವಿಸಲಿ ಎಂದು ಮಸೀದಿಯ ಜಗಲಿಯಲ್ಲಿ ಆಡಿಕೊಂಡವರೂ ಇದ್ದರು.

ಮುನ್ಕಿದ್(ರ)ರ ವಿಷಯದಲ್ಲಿ ಮದೀನದ ಜನ ಹಾಗೆ ಮಾಡಲಿಲ್ಲ. ಅವರು ಖಲೀಫ ಉಸ್ಮಾನ್(ರ)ರ ಕಾಲದ ತನಕ ಬದುಕಿದ್ದರು. ಪೇಟೆ ದೊಡ್ಡದಾಗಿತ್ತು, ಹೊಸ ಮುಖಗಳು ತುಂಬಿದ್ದವು, ಅವರು ಆಗಲೂ ಮೋಸಹೋಗುತ್ತಲೇ ಇದ್ದರು. ಮನೆಯವರು ಇದು ದುಬಾರಿಯಾಯಿತು ಎಂದರೆ ಸರಕನ್ನು ಹೊತ್ತುಕೊಂಡು ಅಂಗಡಿಗೆ ಮರಳುವರು. ನಿನ್ನ ವಸ್ತು ತೆಗೆದುಕೊ, ನನ್ನ ದಿರ್‌ಹಮ್ ಕೊಡು ಎನ್ನುವರು. ನೀನೇ ಒಪ್ಪಿ ತೆಗೆದುಕೊಂಡು ಹೋದೆಯಲ್ಲ, ಕೊಡುವುದಿಲ್ಲ ಎಂದು ವ್ಯಾಪಾರಿ ವಾದಿಸುವನು. ಆ ದಾರಿಯಾಗಿ ಬಂದ ಸಹಾಬಿಯೊಬ್ಬರು ನಿಂತು, ಇವರಿಗೆ ಪ್ರವಾದಿ(ಸ) ಮೂರು ದಿನದ ಹಕ್ಕು ಕೊಟ್ಟಿದ್ದಾರೆ ಎಂದು ಸಾಕ್ಷಿ ಹೇಳುವರು. ಆಗ ವ್ಯಾಪಾರಿ ದಿರ್‌ಹಮ್ ಎಣಿಸಿ ಕೊಟ್ಟು, ಸರಕನ್ನು ಒಳಗಿಟ್ಟುಕೊಳ್ಳುವನು.